ಅಣ್ಣನ ಎಡಗಿವಿ

ಪುಟ್ಟಿ ಅನ್ನೋ ಮಾತು ಯಾರ ಬಾಯಲ್ಲಾದರೂ ಬಂದರೆ ಸಾಕು, ಟಿಂಕರನಿಗೆ ಇವತ್ತಿಗೂ ಅಂಗಾಲಿಂದ ನೆತ್ತಿಯವರೆಗೆ ಬೆಂಕಿ ಹತ್ತುತ್ತದೆ. ಹನ್ನೊಂದು ವರ್ಷವಾಯಿತು. ಅಣ್ಣ ಮಾಡಿದ್ದು ತಪ್ಪು ಅಂತ ಅವನು ಆವತ್ತೂ ಹೇಳಿದ್ದ, ಈಗಲೂ ಹೇಳುತ್ತಾನೆ, ಸತ್ತ ಮೇಲೂ ಎದ್ದು ಕೂತು ಹೇಳುತ್ತಾನೆ.

ಕಾರುಗಳ ಜಜ್ಜಿದ ತಗಡನ್ನು ಬಡಿದು ಮಟ್ಟ ಮಾಡುವುದು ಅವನ ಕಸುಬು. ಒಳಗಿಂದ ಕಬ್ಬಿಣದ ಗುಂಡು ಒತ್ತಿ ಹಿಡಿದು, ಹೊರಗಿಂದ ಮರದ ಕೊಡತಿಯಲ್ಲಿ ಬಡಿಯಬೇಕು. ಬಡಿದಲ್ಲೇ ಬಡಿದರೆ ತಗಡು ಹಿಗ್ಗಿ ಕೆಡುತ್ತದೆ, ಅಂಜಿ ಬಡಿದರೆ ಬಗ್ಗುವುದೇ ಇಲ್ಲ. ಪುಟ್ಟಿ ಅಂದರೆ ಕೈಲಾಗದವನ ಸಾಮಾನು. ತಗ್ಗಿದ್ದ ಕಡೆ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಬಳಿದರೆ ನೋಡುವವನ ಕಣ್ಣಿಗೆ ಮಣ್ಣು. ಟಿಂಕರ್ ಮೂವತ್ತು ವರ್ಷದಲ್ಲಿ ಒಂದು ಡಬ್ಬಿ ಪುಟ್ಟಿ ಮುಟ್ಟಿದವನಲ್ಲ.

ಅವನಿಗೂ ಬಡಿಸಿಕೊಂಡೇ ಅಭ್ಯಾಸ. ಅಪ್ಪ ಇಬ್ಬರು ಮಕ್ಕಳನ್ನೂ ಹಳೇ ಫ್ಯಾನ್ ಬೆಲ್ಟಿನಲ್ಲಿ ಬೆಳೆಸಿದ. ದೊಡ್ಡವನು ಏಟು ತಿಂದು ಬಾಯಿ ಮುಚ್ಚುವುದನ್ನು ಕಲಿತ, ಚಿಕ್ಕವನು ತಿರುಗಿಸಿ ಹೊಡೆಯುವುದನ್ನು ಕಲಿತ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತು ಅವರ ಮುಂದೆಯೇ ಮುರಿದ ದಿನ ಅವನ ಓದು ಮುಗಿಯಿತು. ಆಮೇಲೆ ಅಪ್ಪನ ಗಾಡಿ ರಿಪೇರಿ ಶೆಡ್ಡು. ಅಣ್ಣ ಇಂಜಿನ್ ಕಡೆ, ಇವನು ತಗಡಿನ ಕಡೆ. ಒಂದೇ ಮಾಡಿನ ಕೆಳಗೆ ಹಾವು ಮುಂಗುಸಿ.

ಹನ್ನೊಂದು ವರ್ಷದ ಹಿಂದೆ ಆ ಕೂಪೆ ಕಾರು ಬಂದದ್ದು ಲಾರಿ ಮೇಲೆ. ಎರಡೇ ಬಾಗಿಲು, ಉದ್ದ ಮೂತಿ, ಹಿಂದೆ ಇಳಿಜಾರು ಬೆನ್ನು. ಕೆಳಗೆಲ್ಲ ತುಕ್ಕು ತಿಂದು ಜರಡಿ. ಒಡತಿ ಎಪ್ಪತ್ತು ದಾಟಿದ ಮುದುಕಿ. ಹರೆಯದಲ್ಲಿ ಅದೇ ಗಾಡಿಯಲ್ಲಿ ಬೆಟ್ಟದ ರೇಸಿಗೆ ಇಳಿದು, ಒಂದು ತಿರುವಿನಲ್ಲಿ ಪಲ್ಟಿ ಹೊಡೆದು, ಮೂರು ಪಕ್ಕೆಲುಬು ಮುರಿದುಕೊಂಡಿದ್ದಳಂತೆ.

“ಹಳೇ ಗಾಡಿಗಳ ರೇಸ್ ಆಗಸ್ಟ್ ಕೊನೇ ಭಾನುವಾರ. ಅದೇ ತಿರುವು,” ಅಂದಳು. “ಈ ಸಲ ನಾನು ಬೀಳಲ್ಲ. ನೀವು ಬೀಳಿಸಬೇಡಿ.”

ಅಣ್ಣ ಇಂಜಿನ್ ಬಿಚ್ಚಿ ಕೂತ. ಹೆಡ್ಡು ತೆಳ್ಳಗೆ ಅರೆಸಿದ, ಗಾಳಿ ಹೋಗುವ ದಾರಿಗಳನ್ನು ಕನ್ನಡಿಯಂತೆ ಉಜ್ಜಿದ, ವಾಲ್ವು ಹೆಚ್ಚು ಎತ್ತುವಂಥ ಕ್ಯಾಮ್ ಕೂರಿಸಿದ. ಪೆಟ್ರೋಲಿಗೆ ಗಾಳಿ ಬೆರೆಸಲು ಪಕ್ಕಪಕ್ಕ ಎರಡು ಕಾರ್ಬುರೇಟರ್. ಎರಡೂ ಒಂದೇ ಉಸಿರೆಳೆಯದಿದ್ದರೆ ಅಂಥ ಇಂಜಿನ್ ಏರಿನಲ್ಲಿ ಕೆಮ್ಮಿ ಸಾಯುತ್ತದೆ. ಬೇರೆ ಮೆಕ್ಯಾನಿಕ್‌ಗಳು ರಬ್ಬರ್ ನಳಿಗೆಯನ್ನು ಕಿವಿಗಿಟ್ಟು ಮೊದಲು ಇದನ್ನು, ಆಮೇಲೆ ಅದನ್ನು ಕೇಳುತ್ತಾರೆ. ಅಣ್ಣನದು ಎರಡು ನಳಿಗೆ, ಎರಡೂ ಕಿವಿಗೆ ಒಂದೊಂದು. ಎರಡರ ಬುಸುಬುಸು ಸಮವಾದರೆ ಸದ್ದು ಕಿವಿ ಬಿಟ್ಟು ಹಣೆಯ ನಟ್ಟನಡುವೆ ಬಂದು ಕೂರುತ್ತದಂತೆ. ಊರಿನಲ್ಲಿ ಬೇರೆ ಯಾರ ಹಣೆಯಲ್ಲೂ ಅದು ಕೂತಿದ್ದಿಲ್ಲ.

ಟಿಂಕರ್ ಮುಂದಿನ ಬಲಗಡೆಯ ಮಡ್‌ಗಾರ್ಡನ್ನು ಹೊಸ ತಗಡಿನಲ್ಲೇ ಎಬ್ಬಿಸಿದ. ಇಪ್ಪತ್ತೆರಡು ದಿನ. ಲೈಟಿನ ಹಿಂದೆ ಅಂಗೈಯಗಲದ ಒಂದು ತಗ್ಗು ಮಾತ್ರ ಉಳಿದಿತ್ತು.

“ಇನ್ನೊಂದು ವಾರ ಕೊಡು,” ಅಂದ.

“ವಾರ ಎಲ್ಲಿಂದ ತರ್ಲಿ? ರೇಸಿಗೆ ನಾಲ್ಕೇ ವಾರ, ಅಷ್ಟರಲ್ಲಿ ಬಣ್ಣ ಒಣಗ್ಬೇಕು, ಬೆಟ್ಟದಲ್ಲಿ ಓಡಿಸಿ ನೋಡ್ಬೇಕು. ನನ್ನ ಜೇಬಲ್ಲಿಲ್ಲ,” ಅಂದ ಅಣ್ಣ.

ಮರುದಿನ ಬೆಳಿಗ್ಗೆ ಟಿಂಕರ್ ಬರುವಷ್ಟರಲ್ಲಿ ಮಡ್‌ಗಾರ್ಡಿನ ಮೇಲೆ ಬೂದುಬಣ್ಣದ ಪುಟ್ಟಿ ಒಣಗುತ್ತಿತ್ತು. ತಗ್ಗಿಗಷ್ಟೇ ಅಲ್ಲ, ಒಂದೇ ಸಮ ಕಾಣಲಿ ಅಂತ ಪೂರ್ತಿಗೆ ಬಳಿದಿದ್ದ ಅಣ್ಣ. ಇಪ್ಪತ್ತೆರಡು ದಿನದ ಕೆಲಸದ ಮುಖಕ್ಕೆ ಸಗಣಿ ಬಳಿದ ಹಾಗೆ.

ಟಿಂಕರ್ ಕೊಡತಿ ತೆಗೆದುಕೊಂಡು ಬಡಿಯತೊಡಗಿದ. ಪುಟ್ಟಿ ಚಕ್ಕೆಚಕ್ಕೆಯಾಗಿ ಸಿಡಿದು ಗೋಡೆಗೆ ಬಡಿಯಿತು. ಕೆಳಗಿನ ತಗಡೂ ನುಗ್ಗಾಯಿತು. ತಾನೇ ಹೆತ್ತದ್ದನ್ನು ತಾನೇ ಕೊಂದ.

“ಲೋ, ತಲೆ ಕೆಟ್ಟಿದೆಯೇನೋ! ಬಿಡೋ!” ಅಂತ ಅಣ್ಣ ಹಿಂದಿನಿಂದ ಬಂದು ತಬ್ಬಿ ಹಿಡಿದ. ಟಿಂಕರ್ ಕೊಸರಿಕೊಂಡು, ತಿರುಗಿ ಬೀಸಿದ.

ನೋಡದೆ ಬೀಸಿದೆ ಅಂತ ಎಲ್ಲರ ಹತ್ತಿರವೂ ಹೇಳಿದ್ದಾನೆ. ಸುಳ್ಳು. ನೋಡೇ ಬೀಸಿದ್ದ.

ಏಟು ಎಡಗಿವಿಯ ಮೇಲೆ ಬಿತ್ತು. ಅಣ್ಣ ಕಡಿದ ಬಾಳೆಯಂತೆ ಉರುಳಿದ. ಕಿವಿಯಿಂದ ರಕ್ತ ಇಳಿದು ನೆಲದ ಆಯಿಲ್ ಜೊತೆ ಕೂಡಿ ಕಪ್ಪಗೆ ಹರಿಯಿತು. ಟಿಂಕರ್ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ರಸ್ತೆಯಲ್ಲಿ ಓಡಿದ. ಅಡ್ಡ ಬಂದ ವ್ಯಾನಿನ ಬಾನೆಟ್ಟಿಗೆ ಗುದ್ದಿ ನಿಲ್ಲಿಸಿ, ಡ್ರೈವರನ ಕೊರಳಪಟ್ಟಿ ಹಿಡಿದು ಆಸ್ಪತ್ರೆಗೆ ಓಡಿಸಿದ.

“ಏನಾಯ್ತು?” ಅಂತ ಕೇಳಿದರು ಡಾಕ್ಟರ್.

“ಜಾಕ್ ಜಾರಿತು,” ಅಂದ ಅಣ್ಣ. ಬಾಗಿಲ ಬಳಿ ನಿಂತಿದ್ದ ತಮ್ಮನ ಕಡೆ ಕಣ್ಣೆತ್ತಲಿಲ್ಲ.

ಒಳಗಿನ ನರವೇ ಸತ್ತಿದೆ, ಆ ಕಿವಿ ಇನ್ನು ಕೇಳಿಸದು ಅಂದರು.

ಅತ್ತಿಗೆಗೆ ಜಾಕಿನ ಕಥೆ ಸಾಕಾಗಲಿಲ್ಲ. ಮಾರನೇ ದಿನ ನೆಟ್ಟಗೆ ಶೆಡ್ಡಿಗೆ ಬಂದಳು. ಸ್ಟವ್ ಮೇಲೆ ಕುದಿಯುತ್ತಿದ್ದ ಚಹಾದ ಕೆಟಲ್ ಎತ್ತಿ ಮೈದುನನ ಮೇಲೆ ಬೀಸಿದಳು. ಕೊರಳಿಂದ ಎದೆಯವರೆಗೆ ಚರ್ಮ ಸುಲಿಯಿತು. ಅವನು ಕೈ ಅಡ್ಡ ಹಿಡಿಯಲಿಲ್ಲ.

“ಕೋಪದಲ್ಲಿ ಕೊಯ್ದ ಮೂಗು ಶಾಂತನಾದ ಮೇಲೆ ಬರುತ್ತೇನಪ್ಪಾ?” ಅಂದಳು. “ಅವರಿಗೆ ಕಿವಿಯೇ ಅನ್ನ. ಅದಕ್ಕೇ ಮಣ್ಣು ಹಾಕಿದೆಯಲ್ಲ!” ಹೋಗುವಾಗ ಬಾಗಿಲಲ್ಲಿ ನಿಂತು, “ಸುಟ್ಟದ್ದಕ್ಕೆ ಮುಲಾಮು ಹಚ್ಕೋ, ಕೀವಾಗುತ್ತೆ,” ಅಂತ ಬೈದೇ ಹೋದಳು. ಅತ್ತಿಗೆಯ ಲೆಕ್ಕ ಅಲ್ಲಿಗೆ ಚುಕ್ತಾ.

ಹತ್ತನೇ ದಿನಕ್ಕೆ ಅಣ್ಣ ಕೆಲಸಕ್ಕೆ ಬಂದ. ತಮ್ಮನ ಜೊತೆ ಮಾತಿಲ್ಲ. ಅಷ್ಟರಲ್ಲೇ ಟಿಂಕರ್ ನುಗ್ಗಾದ ಮಡ್‌ಗಾರ್ಡ್ ಕಿತ್ತೆಸೆದು ಇನ್ನೊಂದು ತಗಡಿಗೆ ಕೈ ಹಾಕಿದ್ದ. ಎದೆಯ ಗಾಯ ಒಡೆದು ಅಂಗಿಗೆ ಅಂಟಿದರೂ ಹಗಲೂ ರಾತ್ರಿಯೂ ಬಡಿದ. ಅಣ್ಣ ಒಂದೇ ನಳಿಗೆ ಹಿಡಿದು ಎಲ್ಲರಂತೆ ಇದನ್ನೊಮ್ಮೆ ಅದನ್ನೊಮ್ಮೆ ಕೇಳಿದ. ಸ್ಕ್ರೂ ತಿರುಗಿಸಿ ಆಕ್ಸಿಲರೇಟರ್ ಎಳೆದ. ಇಂಜಿನ್ ಏರಿ, ಕೆಮ್ಮಿ, ಹಿಂದಕ್ಕೆ ಬೆಂಕಿ ಉಗುಳಿತು. ಹುಬ್ಬು ಸುಟ್ಟಿತು. ಮತ್ತೆ ಎಳೆದ, ಮತ್ತೆ ಕೆಮ್ಮು. ಐದು ದಿನ ಹೀಗೇ. ಆರನೇ ದಿನ ಸ್ಪಾನರನ್ನು ಬೀಸಿ ಎಸೆದ. ಕಿಟಕಿಯ ಗಾಜು ಪುಡಿಯಾಯಿತು. ಅಣ್ಣ ಸಾಮಾನು ಎಸೆದದ್ದನ್ನು ಟಿಂಕರ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅದೇ ಹೊತ್ತಿಗೆ ಮುದುಕಿ ಬಂದಳು. ಒಡೆದ ಗಾಜು ನೋಡಿದಳು, ಅಣ್ಣನ ಬ್ಯಾಂಡೇಜು ನೋಡಿದಳು, ತಮ್ಮನ ಎದೆಯ ಬೊಕ್ಕೆ ನೋಡಿದಳು.

“ಕೊಲ್ಲೋದಾದ್ರೆ ರೇಸ್ ಆದ ಮೇಲೆ ಕೊಂದ್ಕೊಳ್ರಪ್ಪಾ. ಶುಕ್ರವಾರಕ್ಕೆ ಆಗದಿದ್ರೆ ಬೇರೆ ಕಡೆ ಒಯ್ತೀನಿ,” ಅಂದು ಹೋದಳು.

ಗಾಡಿ ಬೇರೆ ಕಡೆ ಹೋಯಿತೆಂದರೆ ಅಣ್ಣನ ಕೈ ಮುಗಿಯಿತು ಅಂತ ಪೇಟೆಯೆಲ್ಲ ಮಾತಾಗುತ್ತದೆ. ಟಿಂಕರನಿಗೆ ಅದು ಗೊತ್ತು. ಹೋಗಿ ಕಾರ್ಬುರೇಟರಿನ ಹತ್ತಿರ ನಿಂತ.

“ನಳಿಗೆ ಕೊಡು. ಆ ಕಡೆದು ನಾನು ಕೇಳ್ತೀನಿ.”

“ನಿನ್ನ ಕಿವಿ ತಗಡು ಬಡಿದೂ ಬಡಿದೂ ಮರಗಟ್ಟಿದೆ.”

“ನಿನ್ನದಕ್ಕಿಂತ ವಾಸಿ,” ಅಂದ ಟಿಂಕರ್. ನಾಲಿಗೆಗೆ ಎಲುಬಿಲ್ಲ. ಆಡಿದ ಮೇಲೆ ಅವನ ಮುಖ ಕಪ್ಪಿಟ್ಟಿತು.

ಅಣ್ಣ ನಳಿಗೆಯನ್ನು ಅವನ ಎದೆಗೆ ಎಸೆದ, ಸರಿಯಾಗಿ ಸುಟ್ಟ ಗಾಯಕ್ಕೆ. “ನನ್ನ ಮಣಿಕಟ್ಟು ಹಿಡಿ. ಸದ್ದು ಎಷ್ಟು ಜೋರೋ ಅಷ್ಟು ಜೋರಾಗಿ ಹಿಂಡು. ಬಾಯಿ ಬಿಚ್ಚಬೇಡ.”

ಇಬ್ಬರೂ ಇಂಜಿನ್ ಮೇಲೆ ಬಾಗಿದರು, ತಲೆಗೆ ತಲೆ ತಾಗುವಷ್ಟು. ಬಿಸಿಗಾಳಿ ಮುಖ ಸುಡುತ್ತಿತ್ತು. ಅಣ್ಣನ ಬಲಗಿವಿಗೆ ಒಂದು ಕಾರ್ಬುರೇಟರ್, ಇನ್ನೊಂದು ಟಿಂಕರನ ಕಿವಿಯಿಂದ ಅವನ ಮುಷ್ಟಿಗಿಳಿದು ಅಣ್ಣನ ಕೈಗೆ. ಮೊದಮೊದಲು ಅವನಿಗೆ ಹಿಡಿತದ ಅಳತೆಯೇ ಸಿಗಲಿಲ್ಲ, ಮೂಳೆ ಕಟಕಟ ಅನ್ನುವಂತೆ ಹಿಂಡಿದ.

“ಮುರೀತೀಯೇನೋ ಕತ್ತೆ! ಇದೂ ಬೇಕಾ ನಿನಗೆ?”

“ಜೋರಿದೆ, ಹಿಂಡ್ತಾ ಇದ್ದೀನಿ!”

“ಬಾಯಿ ಮುಚ್ಚು!”

ಮೂರು ದಿನ ಹೀಗೆ ಬೈದಾಡಿದರು. ಅಣ್ಣನ ಮಣಿಕಟ್ಟು ಊದಿ ನೀಲಿಗಟ್ಟಿತು. ಶುಕ್ರವಾರ ಮಧ್ಯಾಹ್ನ ಅಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಬಲಗಿವಿಯ ಸದ್ದೂ ಮಣಿಕಟ್ಟಿನ ಹಿಡಿತವೂ ಸಮವಾದದ್ದನ್ನು ಕಂಡುಕೊಂಡ. ಆಮೇಲೆ ಆಕ್ಸಿಲರೇಟರ್ ಪೂರ್ತಿ ಎಳೆದ. ಇಂಜಿನ್ ಒಂದೇ ಕೂಗಿನಲ್ಲಿ ಮೇಲೇರಿತು. ಮಾಡಿನ ತಗಡುಗಳು ಅದುರಿ ತುಕ್ಕು ಉದುರಿತು. ಕೆಮ್ಮಿಲ್ಲ, ತಡವರಿಕೆಯಿಲ್ಲ. ಹೊಸ ಮಡ್‌ಗಾರ್ಡೂ ಆ ಹೊತ್ತಿಗೆ ಪುಟ್ಟಿ ಸೋಕದೆ ಕೂತಿತ್ತು.

ಮುದುಕಿ ಬಂದು, ಕೈಚೀಲ ಪಕ್ಕದ ಸೀಟಿಗೆ ಎಸೆದು, ರಸ್ತೆಯಲ್ಲಿ ಟೈರಿನ ಎರಡು ಕರಿ ಗೆರೆ ಎಳೆದು ಹೋದಳು.

ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಟಿಂಕರ್ ಬೆಂಚಿನ ಮೇಲಿದ್ದ ಕೊಡತಿಯನ್ನು ಅಣ್ಣನ ಕೈಗೆ ತುರುಕಿದ. ಕೆನ್ನೆ ಕೊಟ್ಟು ನಿಂತ.

“ಹೊಡಿ.”

ಅಣ್ಣ ಅದನ್ನು ಕೆಳಗಿಟ್ಟ.

“ಹೊಡಿಯೋ ಅಂದ್ರೆ! ಅತ್ತಿಗೆ ಹೊಡೆದ್ಲು. ನೀನೂ ತೀರಿಸ್ಕೋ!”

“ನಿನಗೆ ಹಗುರಾಗ್ಲಿ ಅಂತ ನಾನ್ಯಾಕೆ ಕೈ ನೋಯಿಸ್ಕೊಳ್ಲಿ?” ಅಂದ ಅಣ್ಣ. ಕೈ ತೊಳೆದು ಊಟಕ್ಕೆ ಹೋದ.

ಆಮೇಲೂ ಟಿಂಕರ್ ಬಿಡಲಿಲ್ಲ. ಬೇಕೆಂದೇ ಕೆಣಕಿದ, ಅಣ್ಣನ ಸಾಮಾನು ಮುರಿದ, ಗಿರಾಕಿಗಳ ಮುಂದೆ ಬೈದ. ಒಮ್ಮೆ ಎದೆಗೆ ಎದೆ ಕೊಟ್ಟು ಗೋಡೆಗೆ ಒತ್ತಿಯೇ ನಿಂತ. ಅಣ್ಣ ಅವನನ್ನು ಸುಮ್ಮನೆ ತನ್ನ ಎಡಕ್ಕೆ ಸರಿಸುತ್ತಾನೆ, ಆ ಕಡೆಯಿಂದ ಏನು ಕೂಗಿದರೂ ಕೇಳಿಸುವುದಿಲ್ಲ. ಹಳೇ ಇಂಜಿನ್ ಬಂದಾಗ ಮಾತ್ರ ಮಣಿಕಟ್ಟು ಚಾಚುತ್ತಾನೆ. ಹನ್ನೊಂದು ವರ್ಷದಲ್ಲಿ ಒಂದು ಏಟೂ ಕೊಟ್ಟಿಲ್ಲ.