ಎರಡು ರಾಜ್ಯಗಳ ನಡುವಿನ ಒಂದು ‘ಮತ್ತು’

ಬೆಳಗಿನ ಐದೂವರೆ. ಮಿಲ್ಸ್ ಲ್ಯಾಂಡಿಂಗ್‌ನ ಶಾಲಾ ಬಸ್ಸುಗಳ ಅಂಗಳದಲ್ಲಿ ನದಿಯ ಮಂಜಿಗೆ ಡೀಸೆಲ್ ಹೊಗೆ ಬೆರೆತಿದೆ. ಟ್ವೈಲಾ ಪ್ರೂಯಿಟ್ ತಮ್ಮ ಹಳದಿ ಬಸ್ಸಿಗೆ ಒಂದು ಸುತ್ತು ಬರುತ್ತಾರೆ. ದೀಪಗಳನ್ನು ನೋಡುತ್ತಾರೆ, ಹಿಂದಿನ ತುರ್ತು ಬಾಗಿಲನ್ನು ತೆರೆದು ಮುಚ್ಚುತ್ತಾರೆ, ಪ್ರತಿ ಟೈರಿಗೂ ಬೂಟಿನಿಂದ ಒಂದೊಂದು ಒದೆ ಕೊಡುತ್ತಾರೆ.

“ಏನ್ ಸಾರ್ಜೆಂಟಮ್ಮ, ಸರ್ಕಾರದ ಮೇಲಿನ ಸಿಟ್ಟನ್ನ ಟೈರ್ ಮೇಲೆ ತೀರಿಸ್ಕೊಳ್ತಿದ್ದೀಯಾ?” ಪಕ್ಕದ ಬಸ್ಸಿನಿಂದ ಹಿರಿಯ ಚಾಲಕ ಡೆಲ್ಬರ್ಟ್ ಕೂಗುತ್ತಾರೆ.

“ಸರ್ಕಾರವೇ ಆಗಿದ್ರೆ ಇಷ್ಟು ಮೆಲ್ಲಗೆ ಒದೀತಿದ್ನಾ? ನೀನು ಕಾಫಿ ಕುಡಿಯಪ್ಪ.”

ಬಸ್ಸು ಹೊರಡುತ್ತದೆ. ಊರಾಚೆಯ ಗೇಟಿಲ್ಲದ ರೈಲು ಹಳಿಯ ಹತ್ತಿರ ಟ್ವೈಲಾ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಒಂದು ಕೈ ಎತ್ತುತ್ತಾರೆ. ಮಕ್ಕಳೆಲ್ಲ ಗಪ್‌ಚುಪ್. ರೈಲಿನ ಸದ್ದು ಕಿವಿಗೆ ಬೀಳಲಿ ಎಂದು ಮಾಡಿದ ಕಾನೂನು ಇದು. ಗೂಡ್ಸ್ ಗಾಡಿ ಬಂದರೆ ಮುಂದೆ ನಡೆಯುವುದು ಮಾತ್ರ ಯಾವ ಕಾನೂನಿನಲ್ಲೂ ಇಲ್ಲ. ಬೋಗಿಗಳ ಮೇಲೆ ಬರೆದ ಹೆಸರುಗಳನ್ನು ಚಿಕ್ಕವರು ಜೋರಾಗಿ ಓದಬೇಕು. ತಪ್ಪಿದವರಿಗೆ ಮುಂದಿನ ಬೋಗಿ.

“ಮೂರನೇ ತರಗತಿಗೆ ಎರಡು ವರ್ಷದಿಂದ ಟೀಚರಿಲ್ಲ. ಎರಡು ಕ್ಲಾಸನ್ನ ಒಂದೇ ಕೋಣೇಲಿ ತುಂಬಿದ್ದಾರೆ. ರೈಲು ಉದ್ದ ಇದ್ದಷ್ಟೂ ನನಗೆ ಖುಷಿ” ಎನ್ನುತ್ತಾರೆ ಟ್ವೈಲಾ.

ಅವರಿಗೆ ತಾವೇ ಟೀಚರ್ ಆಗುವಾಸೆ. ವಯಸ್ಸು ಮೂವತ್ತೆರಡು. ಬಸ್ಸಿನ ಸಂಬಳ ಮನೆ ಬಾಡಿಗೆಗೂ ಮಗಳ ಆಸ್ತಮಾ ಔಷಧಿಗೂ ಸರಿಹೋಗುತ್ತದೆ, ಕಾಲೇಜಿಗೆ ಉಳಿಯುವುದಿಲ್ಲ. ಅದಕ್ಕೇ ಅವರು ಅಮೆರಿಕ ಸೇನೆಯ ಮೀಸಲು ಪಡೆಗೆ ಸೇರಿದ್ದು. ವಾರವಿಡೀ ಬಸ್ಸು; ತಿಂಗಳಿಗೊಮ್ಮೆ ಶನಿವಾರ, ಭಾನುವಾರ ನದಿಯ ಸೇತುವೆ ದಾಟಿ ಆಚೆ ದಂಡೆಯ ತುಕಡಿಯಲ್ಲಿ ಸೇನೆಯ ಲಾರಿ. ಸೇರಿಸಿಕೊಂಡ ಅಧಿಕಾರಿ ಕಾಲೇಜಿನ ಶುಲ್ಕ ರಾಜ್ಯದ್ದು ಎಂದಿದ್ದ. ಯಾವ ರಾಜ್ಯ ಎಂದು ಇವರು ಕೇಳಲಿಲ್ಲ. ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಪೆಟ್ರೋಲು ಅಗ್ಗವೆಂದು ಆಚೆ ದಂಡೆಗೆ ಹೋಗುತ್ತೇವೆ, ಹೆರಿಗೆಗೂ ಅಲ್ಲಿಗೇ. ನದಿ ನಮಗೆ ದಾರಿಯಲ್ಲಿ ಸಿಗುವ ನೀರು, ಅಷ್ಟೆ. ಅದು ರಾಜ್ಯದ ಗಡಿ ಎಂಬುದು ನೆನಪಾಗುವುದು ಸರ್ಕಾರಿ ಕಚೇರಿಗಳಲ್ಲಿ ಮಾತ್ರ.

ಅಸಲಿಗೆ ಆಗ ಶುಲ್ಕ ಮನ್ನಾ ಇದ್ದದ್ದು ರಾಜ್ಯ ಸರ್ಕಾರದ್ದೇ ಆದ ಗಾರ್ಡ್ ಪಡೆಯವರಿಗೆ ಮಾತ್ರ. ಕಳೆದ ವರ್ಷ ನಮ್ಮ ರಾಜ್ಯ ಅದನ್ನು ಮೀಸಲು ಪಡೆಗೂ ವಿಸ್ತರಿಸಿತು. ಆಚೆಯ ರಾಜ್ಯವೂ ಹಾಗೇ ಮಾಡಿತು. ಊರಿನ ಉಪಾಹಾರದಂಗಡಿಯಲ್ಲಿ ಟ್ವೈಲಾಗೆಂದೇ ಪೀಚ್ ಹಣ್ಣಿನ ಪೈ ಮಾಡಿದರು.

ಈಚೆ ದಂಡೆಯ ಕಾಲೇಜು ಅರ್ಜಿ ನೋಡಿ ಹೇಳಿತು: ನಿಮ್ಮ ತುಕಡಿ ಆಚೆಯದು, ಆಗದು. ಆಚೆ ದಂಡೆಯ ಕಾಲೇಜು ಶಿಕ್ಷಕರ ಕೋರ್ಸಿಗೆ ಸೀಟು ಕೊಟ್ಟಿತು, ಆಮೇಲೆ ಹೇಳಿತು: ನಿಮ್ಮ ಮನೆ ಈಚೆಯದು, ಮನ್ನಾ ಆಗದು. ಎರಡೂ ಕಾನೂನುಗಳಲ್ಲಿ ಇರುವುದು ಒಂದೇ ವಾಕ್ಯ: ‘ಈ ರಾಜ್ಯದ ನಿವಾಸಿಯಾಗಿರಬೇಕು ಮತ್ತು ಈ ರಾಜ್ಯದ ತುಕಡಿಯಲ್ಲಿರಬೇಕು.’

‘ಮತ್ತು’ ಇರುವಲ್ಲಿ ‘ಅಥವಾ’ ಇದ್ದಿದ್ದರೆ ಟ್ವೈಲಾಗೆ ಎರಡು ಕಾಲೇಜುಗಳು ಇರುತ್ತಿದ್ದವು. ಈಗ ಒಂದೂ ಇಲ್ಲ.

“ಆಚೆ ಕಾಲೇಜಿನ ಕೌಂಟರಿನವಳು ಎಲ್ಲ ಓದಿ, ‘ನಿಮ್ಮ ಸೇವೆಗೆ ಧನ್ಯವಾದ, ಮುಂದಿನವರು ಬನ್ನಿ’ ಅಂದ್ಲು” ಎಂದು ಟ್ವೈಲಾ ನಗುತ್ತಾರೆ. “ತಿರುಗಿ ನೋಡಿದ್ರೆ ನನ್ನ ಹಿಂದೆ ಒಂದು ನರಪಿಳ್ಳೆಯೂ ಇರ್ಲಿಲ್ಲ.”

ಊರಿನ ಪತ್ರಿಕೆಗೆ ಇದನ್ನು ಬರೆಯುತ್ತಿರುವ ನಾನು ನಮ್ಮ ಶಾಸಕರ ಕಚೇರಿಗೆ ಫೋನು ಮಾಡಿದೆ. ಆ ವಾಕ್ಯವನ್ನು ಆಚೆಯವರ ಕರಡು ನೋಡಿ ಬರೆದದ್ದಂತೆ. ಹೀಗೆ ಸಿಕ್ಕಿಕೊಂಡವರು “ತುಂಬ ಕಡಿಮೆ ಜನ, ಮೇಡಂ” ಎಂದರು ಸಹಾಯಕರು. ಟ್ವೈಲಾ ಅವರ ತುಕಡಿಯಲ್ಲಿ ಅರ್ಧದಷ್ಟು ಜನ ನಮ್ಮ ದಂಡೆಯವರು. ಹೋದ ಏಪ್ರಿಲ್‌ನ ನೆರೆಯಲ್ಲಿ ಆ ತುಕಡಿಯ ಲಾರಿಗಳೇ ಸೇತುವೆ ದಾಟಿ ಬಂದು ನಮ್ಮ ಏರಿಗೆ ಮರಳು ಸುರಿದವು. ಅದೇ ತುಕಡಿಯಲ್ಲಿದ್ದ ನನ್ನ ಗಂಡ ಓಡಿಸುತ್ತಿದ್ದ ಲಾರಿ ಏರಿಯಿಂದ ಉರುಳಿದ್ದೂ ಆಗಲೇ. ಅವನ ಶವಪೆಟ್ಟಿಗೆಗೆ ಬಾವುಟ ಹೊದಿಸುವಾಗ ಯಾರೂ ವಿಳಾಸ ಕೇಳಲಿಲ್ಲ.

ಟ್ವೈಲಾಗೆ ದಾರಿ ಹೇಳಿಕೊಡುವವರಿಗೇನೂ ಕಡಿಮೆಯಿಲ್ಲ. ಅವರ ಅಕ್ಕ ರೋಂಡಾ ಇರುವುದು ಆಚೆ ದಂಡೆಯಲ್ಲಿ. ಅಲ್ಲೇ ವಾಸ ಎಂದು ಬರೆದರೆ ಮುಗಿಯಿತು. ಅರ್ಧ ಊರೇ ಹಾಗೆ ಕಾರು ನೋಂದಾಯಿಸಿಕೊಂಡಿದೆ. ಅಡುಗೆಮನೆಯಲ್ಲಿ ಬೀನ್ಸ್ ತಿರುವುತ್ತ ರೋಂಡಾ ನನ್ನೆದುರೇ ತಂಗಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ.

“ನನ್ನ ಮನೆ ವಿಳಾಸ ಬರಿಯೋಕೆ ನಿಂಗೇನು ರೋಗ? ವಾರದಲ್ಲಿ ನಾಲ್ಕು ಸಲ ಇಲ್ಲೇ ಉಣ್ತೀಯಲ್ಲ!”

“ಉಣ್ತೀನಿ ಕಣೆ. ಮಲಗೋದು ನಮ್ಮನೇಲಿ.”

“ಹಂಗಾದ್ರೆ ಮಲಗು ಇಲ್ಲೇ! ಸೋಫಾ ಇದೆ. ಹರಿಶ್ಚಂದ್ರನ ತುಂಡು, ನೋಡಿ ಇವಳು!”

“ಟೀಚರಾಗೋ ಮೊದಲ ದಿನವೇ ಸುಳ್ಳು ಬರೀಬೇಕೇನೆ? ಅವರ ತಪ್ಪು ಅವರ ಹೆಸರಲ್ಲೇ ಇರ್ಲಿ. ನಾನ್ಯಾಕೆ ಅದನ್ನ ಸರಿ ಮಾಡಿಕೊಡ್ಲಿ?”

ರೋಂಡಾ ಸೌಟನ್ನು ಪಾತ್ರೆಗೆ ಕುಕ್ಕುತ್ತಾರೆ. ತಂಗಿಯ ತಟ್ಟೆಗೆ ಬೀನ್ಸ್ ಮಾತ್ರ ತುಸು ಹೆಚ್ಚೇ ಬೀಳುತ್ತದೆ.

ಆಚೆ ಕಾಲೇಜು ಕೊಟ್ಟ ಸೀಟನ್ನು ಶುಲ್ಕ ಕಟ್ಟಿ ಉಳಿಸಿಕೊಳ್ಳಲು ಶುಕ್ರವಾರ ಕಡೆಯ ದಿನ. ಬೆಳಗಿನ ಸುತ್ತು ಮುಗಿಸಿ, ಬಸ್ಸನ್ನು ಅಂಗಳದಲ್ಲಿ ಬಿಟ್ಟು, ಟ್ವೈಲಾ ತಮ್ಮ ಹಳೆಯ ಪಿಕಪ್ಪಿನಲ್ಲಿ ಸೇತುವೆ ದಾಟುತ್ತಾರೆ. ನಾನು ಪಕ್ಕದಲ್ಲಿದ್ದೇನೆ. ಕೌಂಟರಿನಲ್ಲಿ ಅದೇ ಹೆಂಗಸು. “ವಿಳಾಸ ಬದಲಾಯಿತಾ?” ಎಂದು ಕೇಳುವಾಗ ಅವಳ ದನಿ ಮೆತ್ತಗಿದೆ, ಹೌದು ಎಂದಿದ್ದರೆ ಅವಳೂ ಹೆಚ್ಚು ಕೆದಕುತ್ತಿರಲಿಲ್ಲ.

“ಇಲ್ಲ. ಸೀಟು ಬಿಟ್ಟುಕೊಡೋಕೆ ಬಂದೆ. ಇವತ್ತೇ ಬಿಟ್ರೆ ಕಾಯ್ತಾ ಇರೋ ಇನ್ಯಾರಿಗಾದ್ರೂ ಸಿಗುತ್ತಲ್ವಾ?”

ಅವಳು ತಲೆಯಾಡಿಸುತ್ತಾಳೆ. ಈ ಸಲ ಧನ್ಯವಾದ ಹೇಳುವುದಿಲ್ಲ. ಕಾನೂನು ಬರೆದವರು ಯಾರೂ ಈ ಕೋಣೆಯಲ್ಲಿಲ್ಲ. ಅವರು ಇಲ್ಲಿರಬೇಕಿತ್ತು.

ಹೊರಗೆ ಬಂದು ಟ್ವೈಲಾ ಪಿಕಪ್ಪಿನ ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಕಣ್ಣು ಒರೆಸಿಕೊಳ್ಳುವುದಿಲ್ಲ, ಕೀಲಿ ಹುಡುಕುತ್ತಾರೆ. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಬಸ್ಸು ಗೇಟಿನಲ್ಲಿರಬೇಕು. ಇನ್ನು ಮುಂದೇನು ಎಂದು ಕೇಳುತ್ತೇನೆ.

“ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ” ಎನ್ನುತ್ತಾರೆ, ಪಿಕಪ್ಪು ಹತ್ತುತ್ತ. “ಎರಡೂ ಕಡೆ. ಇದೇ ವಿಳಾಸ ಬರ್ದು.”