ಕಾಲರಿಗೆ ಹೋದ ಕೊನೆಯ ಪುಟಗಳು

ಓದುಗರಿಗೆ ಸುಳ್ಳು ಸಮಾಧಾನ ಹೇಳಬಾರದು ಎನ್ನುವುದು ಕಾದಂಬರಿಕಾರನ ಹಟ. ಅವನ ಪುಸ್ತಕಗಳಲ್ಲಿ ಕೊನೆಯ ಪುಟದ ಹೊತ್ತಿಗೆ ಒಬ್ಬರಾದರೂ ಸಾಯಲೇಬೇಕು. ಬರೀ ನೆಗಡಿಯಾದ ಪಾತ್ರವೂ ಇವರ ಕೈಗೆ ಸಿಕ್ಕರೆ ಉಳಿಯುವುದಿಲ್ಲ ಎಂದು ಹೆಂಡತಿ ನಗುತ್ತಿದ್ದಳು.

ಅವನ ಮೆಚ್ಚಿನ ಲೇಖಕ ಮಾತ್ರ ಹಾಗಲ್ಲ. ಇವನು ಚಿಕ್ಕಂದಿನಲ್ಲಿ ಕೇಳಿದ್ದ ಆತನ ಒಂದು ಹಳೆಯ ಕಾದಂಬರಿಯಲ್ಲಿ, ನೆರೆಯಲ್ಲಿ ಕಾಣೆಯಾದ ಅಂಬಿಗ ಕೊನೆಗೆ ಮನೆಗೆ ಬಂದು, ಬಾಗಿಲಲ್ಲೇ ನಿಂತು, ‘ಹಸಿವಾಗ್ತಿದೆ, ಏನಿದೆ?’ ಎನ್ನುತ್ತಾನೆ. ಅಷ್ಟೇ, ಕಥೆ ಮುಗಿಯಿತು. ಆ ಒಂದು ಸಾಲಿನಿಂದಲೇ ತಾನು ಬರಹಗಾರನಾದದ್ದು ಎಂದು ಕಾದಂಬರಿಕಾರ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಗ್ರಂಥಾಲಯದವರು ಮೆಚ್ಚಿನ ಲೇಖಕರ ಬಗ್ಗೆ ಮಾತನಾಡಲು ಕರೆದಾಗ, ಓದಿ ತೋರಿಸೋಣವೆಂದು ಎಲ್ಲೆಲ್ಲೋ ಅಲೆದು ಪುಸ್ತಕ ಹುಡುಕಿದ.

ಪುಸ್ತಕ ಸಿಕ್ಕಿತು. ಅಂಬಿಗ ಮುಳುಗಿ ಸತ್ತಿದ್ದ. ಸಾಯುವ ಮುಂಚೆ ಉದ್ದನೆಯ ಭಾಷಣ ಬೇರೆ ಬಿಗಿದಿದ್ದ. ಇವನು ಊರೆಲ್ಲ ಡಂಗುರ ಸಾರಿದ್ದ ಆ ಸಾಲು ಮಾತ್ರ ಅಲ್ಲಿ ಇರಲೇ ಇಲ್ಲ. ಕಾದಂಬರಿಕಾರ ತಲೆಯ ಮೇಲೆ ಕೈಹೊತ್ತು ಕೂತ.

ಕಥೆ ಓದಿ ಹೇಳಿದ್ದವಳು ದೊಡ್ಡಮ್ಮ, ಅಮ್ಮನ ಅಕ್ಕ. ಜೀವನವಿಡೀ ಬಟ್ಟೆ ಹೊಲಿದವಳು. ಈಗ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆಯುತ್ತಾಳೆ, ಪೋಣಿಸಿಕೊಟ್ಟರೆ ದಾರ ಗಿಡ್ಡವಾಯಿತೆಂದು ಮೂಗು ಮುರಿಯುತ್ತಾಳೆ. ಅವನು ಅಲ್ಲಿಗೆ ಹೋಗಿ, ಆ ಪುಸ್ತಕ ಈಗ ಸಿಕ್ಕಿತೆಂದೂ ಅದರ ಕೊನೆ ನೆನಪಿದೆಯೇ ಎಂದೂ ಸುತ್ತಿ ಬಳಸಿ ಕೇಳಿದ.

ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ಅಂಗಿಯ ಕಾಲರಿಗೆ ಅಚ್ಚು ಕತ್ತರಿಸಲು ಕಾಗದ ಬೇಕಾಗಿ, ತಾನು ಓದುವ ಮುಂಚೆಯೇ ಕೊನೆಯ ಪುಟಗಳನ್ನು ಹರಿದುಕೊಂಡಿದ್ದಳಂತೆ. ಇವನೋ ಆಗ ಜ್ವರ ಬಂದು ಮಲಗಿದ್ದವನು, ಅಂಬಿಗ ಬರುವ ತನಕ ತುತ್ತು ಮುಟ್ಟುವುದಿಲ್ಲವೆಂದು ಬಾಯಿ ಬಿಗಿದಿದ್ದ.

“ಅದಕ್ಕೇ ಅವನ ಬಾಯಲ್ಲೇ ಊಟ ಕೇಳಿಸ್ದೆ,” ಎಂದಳು. “ಅವನು ಕೇಳಿದ್ಮೇಲೆ ನೀನೂ ಬಾಯಿ ತೆಗೆದೆ.”

ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ. ಇವನು ಊರೂರು ಹುಡುಕಿದ ಮೆಚ್ಚಿನ ಲೇಖಕಿ ಇಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ಅವನಿಗೆ ಅವಳ ಮೇಲೆ ಅಕ್ಕರೆ ಉಕ್ಕಿತು, ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ದೊಡ್ಡಮ್ಮ ಅಂಗಿಯನ್ನು ಕೆಳಗಿಟ್ಟಳು. ನಗು ನಿಂತಿತ್ತು. “ಈಗ ನೀನು ಪೂರ್ತಿ ಓದಿದೀಯಲ್ಲ. ನಿಜವಾಗ್ಲೂ ಏನಾಯ್ತೋ ಅವನಿಗೆ? ಇಷ್ಟು ವರ್ಷ ಅದೊಂದು ಮನಸ್ಸಲ್ಲೇ ಇತ್ತು ನಂಗೆ.”

ಸುಳ್ಳು ಸಮಾಧಾನ ಹೇಳದ ಕಾದಂಬರಿಕಾರ ಗಂಟಲು ಸರಿಮಾಡಿಕೊಂಡ.

“ಬಂದ, ದೊಡ್ಡಮ್ಮ. ನೀನು ಹೇಳಿದ ಹಾಗೇ. ಬಂದು ಊಟ ಕೇಳ್ದ.”

ಅವಳು ನಿಟ್ಟುಸಿರು ಬಿಟ್ಟು ಅಂಗಿ ಎತ್ತಿಕೊಂಡಳು. “ಏನು ಕೊಟ್ರಂತೆ ತಿನ್ನೋಕೆ?”

ಅದನ್ನೂ ಬರೆದಿದ್ದಾರೆ ಎಂದು ಹೇಳಿ, ಕಾದಂಬರಿಕಾರ ಅಂಬಿಗನಿಗೆ ಒಂದೊಂದೇ ಬಡಿಸತೊಡಗಿದ.