ಸ್ಕೂಟರಿಗೆ ಹೊದಿಸಿದ್ದ ಕೌದಿ

ಹೋದ ತಿಂಗಳು ಕೊಲ್ಲಾಪುರದ ಚಿತ್ರಕಲೆಯ ಮೇಡಮ್ ಒಬ್ಬರು ಫೋನ್ ಮಾಡಿ, ನಿಮ್ಮೂರು ಇಚಲಕರಂಜಿಗೆ ಬರುತ್ತೇನೆ, ನಿಮ್ಮಿಂದ ಒಂದು ಕೆಲಸ ಆಗಬೇಕು ಎಂದರು. ನಾನು ಸುಮ್ಮನಿರುತ್ತೇನೆಯೇ? ಹುರುಪಿಗೆ ಬರೆದಿಟ್ಟಿದ್ದ ಚಿತ್ರಗಳನ್ನೆಲ್ಲ ಧೂಳು ಒರೆಸಿ ಅಂಗಳದ ಗೋಡೆಗೆ ಸಾಲಾಗಿ ಒರಗಿಸಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ.

ಮೇಡಮ್ ಬಂದರು. ನನ್ನ ಚಿತ್ರಗಳನ್ನು ದಾಟಿ ಹೋಗಿ ಸ್ಕೂಟರ್ ಮುಂದೆ ನಿಂತರು.

ಸ್ಕೂಟರಿಗೆ ಹೊದಿಸಿದ್ದ ಕೌದಿಯ ಮೇಲೆ ಅವರ ಕಣ್ಣು. ಪವರ್‌ಲೂಮಿನ ಚಿಂದಿ ಬಟ್ಟೆ ಕೂಡಿಸಿ ನನ್ನ ಹೆಂಡತಿ ಸುನಂದಾ ಹೊಲಿದದ್ದು. (ಹೊದ್ದು ಹೊದ್ದು ಹಳೆಯದಾಯಿತೆಂದು ನಾನೇ ಸ್ಕೂಟರಿಗೆ ದಾನ ಮಾಡಿದ್ದೆ.)

ನಿಮಗೆ ಗೊತ್ತೇ ಇದೆ, ನಾನು ಬೋರ್ಡ್ ಬರೆಯುವವ. ಏಳನೇ ಇಯತ್ತೆಗೆ ಸಾಲೆ ಬಿಟ್ಟು ಬ್ರಶ್ ಹಿಡಿದವ. ಫ್ಲೆಕ್ಸ್ ಬಂದು ಎಷ್ಟೋ ಜನ ಕೈಬಿಟ್ಟರು, ನಾನು ಬಿಡಲಿಲ್ಲ. ಮುರಗೂಡದಿಂದ ಗಡಹಿಂಗ್ಲಜದವರೆಗೆ ಅಂಗಡಿ ಬೋರ್ಡುಗಳ ಬಲ ಮೂಲೆ ನೋಡಿ, ನನ್ನ ಹೆಸರು ಸಿಗುತ್ತದೆ. ಅಂಥವನನ್ನು ಬಿಟ್ಟು ಚಿಂದಿಗೆ ಮರ್ಯಾದೆಯೇ? ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಬಣ್ಣ ಹೇಗೆ ಆರಿಸುತ್ತೀರಿ ಎಂದು ಮೇಡಮ್ ಕೇಳಿದರು. ರೊಟ್ಟಿ ಬಿಟ್ಟು ಎದ್ದು ಬಂದಿದ್ದ ಸುನಂದಾ ಸೆರಗಿಗೆ ಕೈ ಒರೆಸಿಕೊಂಡಳು.

“ಆರಸೂದೇನ್ ಬಂತ್ರಿ? ಬಾಜೂಬಾಜೂಕ ಕುಂತು ಜಗಳಾ ಮಾಡದಂಗ ಕೂಡಸ್ತೇನಿ, ಅಷ್ಟ.”

ಇಷ್ಟು ವರ್ಷ ಬಣ್ಣ ಕಲಸಿದ ನನಗೆ ಇಂಥ ಮಾತು ಯಾಕೆ ಹೊಳೆಯಲಿಲ್ಲ?

ಮೇಡಮ್ ಮೊಬೈಲ್ ತೆಗೆದು ಹಿಂದಿನ ಕಾಲದ ಹೆಣ್ಣುಮಕ್ಕಳ ಕೆಲಸ ತೋರಿಸಿದರು. ಗೋಡೆ ಚಿತ್ರ, ಕಸೂತಿ, ಎಣ್ಣೆಬಣ್ಣದ ಚಿತ್ರಗಳು. ಬಹಳಷ್ಟರ ಕೆಳಗೆ ಒಂದೇ ಸಾಲು: ಕಲಾವಿದೆಯ ಹೆಸರು ತಿಳಿಯದು. ಅವರನ್ನೂ ಈಗಿನವರನ್ನೂ ಕೂಡಿಸಿ ಕೊಲ್ಲಾಪುರದಲ್ಲಿ ಪ್ರದರ್ಶನವಂತೆ. ಈ ಕೌದಿಯೂ ಬೇಕೇ ಬೇಕಂತೆ. ನನ್ನಿಂದ ಏನು ಬೇಕು? ಹೆಸರಿನ ಬೋರ್ಡುಗಳು. ಅವರು ಬಂದದ್ದೇ ಅದಕ್ಕೆ!

ಬರೆದುಕೊಟ್ಟೆ. ಸುನಂದಾಳ ಹೆಸರನ್ನು ನೆರಳು ಕೊಟ್ಟು, ನನ್ನ ಕೈಯಲ್ಲಿ ಬರುವ ಅತಿ ಚೆಂದದ ಅಕ್ಷರದಲ್ಲಿ ಬರೆದೆ. ಬಲ ಮೂಲೆಯಲ್ಲಿ ನನ್ನ ಹೆಸರು. (ನಮ್ಮ ಧಂದೆಯ ರೂಢಿ. ಆದರೆ ಉಳಿದ ಬೋರ್ಡುಗಳಿಗಿಂತ ಇದರಲ್ಲಿ ಕೊಂಚ ದಪ್ಪಗಾಗಿತ್ತು.)

ಪ್ರದರ್ಶನದಲ್ಲಿ ಕೌದಿಯ ಮುಂದೆ ಜನ ನಿಂತೇ ನಿಂತರು. ಸುನಂದಾಳ ಜೊತೆ ನಾನೂ ಅದರ ಬಾಜುವಿಗೇ ನಿಂತೆ. ಗಡಹಿಂಗ್ಲಜ ಕಡೆಯ ಕಾಲೇಜು ಹುಡುಗಿಯೊಬ್ಬಳು ಬೋರ್ಡಿನಲ್ಲಿದ್ದ ಎರಡೂ ಹೆಸರು ಓದಿ, ಇಬ್ಬರೂ ಕೂಡಿ ಮಾಡಿದ್ದೇ ಎಂದು ನನ್ನನ್ನು ಕೇಳಿದಳು. ಅಲ್ಲ ಎನ್ನಬೇಕಿತ್ತು. ನಾನು ಸುಮ್ಮನೆ ನಕ್ಕೆ.

ಸುನಂದಾ ಬೋರ್ಡಿನ ಮೂಲೆ ನೋಡಿದಳು. ಆಮೇಲೆ ನನ್ನ ಮುಖ.

“ಹೌದವಾ, ಕೂಡೇ ಮಾಡೇವಿ,” ಅಂದಳು ಹುಡುಗಿಗೆ. “ನಾ ಹೊಲದೇನಿ, ಇವರು ಹೊಚ್ಚಿಕೊಂಡು ಮಲಗ್ಯಾರ.”

ಸುತ್ತ ನಿಂತವರೆಲ್ಲ ನಕ್ಕರು. ನಾನು ಬೋರ್ಡು ತಿದ್ದಲೆಂದು ತಂದಿದ್ದ ಚೀಲದಿಂದ ಬ್ರಶ್, ಬಿಳಿ ಬಣ್ಣದ ಡಬ್ಬಿ ತೆಗೆದು, ಎಲ್ಲರ ಮುಂದೆಯೇ ಆ ಮೂಲೆಗೆ ಬಳಿದೆ. ನನ್ನ ಹೆಸರನ್ನು ನಾನೇ ಅಳಿಸಿದ ಬೋರ್ಡ್ ಅದೊಂದೇ.

ಹೊಟ್ಟೆಯ ಉರಿ ಆರಿತೇ? ಎಲ್ಲಿಯದು! ನನ್ನ ಬೋರ್ಡಿನ ಮುಂದೆ ಯಾರು ಅಷ್ಟು ಹೊತ್ತು ನಿಂತಿದ್ದಾರೆ? ಕೌದಿ ಈಗಲೂ ಕೊಲ್ಲಾಪುರದ ಗೋಡೆಯ ಮೇಲೆ, ನೆರಳಿನಲ್ಲಿದೆ. ನನ್ನ ಸ್ಕೂಟರ್ ಬಿಸಿಲಲ್ಲಿದೆ.

ಅಂದಹಾಗೆ, ನಿಮ್ಮ ಸ್ಕೂಟರಿಗೆ ಏನು ಹೊದಿಸಿದ್ದೀರಿ?